ಮುಖದ ನೆರಿಗೆಗೆ ಬೊಟುಲಿನಮ್ ಚುಚ್ಚುಮದ್ದು: ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದುದು

ಹುಬ್ಬುಗಳ ನಡುವೆ ಮೂಡುವ ನಿಲುವುಗೆರೆ, ಹಣೆಯ ಅಡ್ಡನೆರಿಗೆ, ನಕ್ಕಾಗ ಕಣ್ಣಂಚಿನಲ್ಲಿ ಹರಡುವ ಸುಕ್ಕು ಇವುಗಳನ್ನು ಕೆಲಕಾಲ ಮಸುಕುಗೊಳಿಸಲು ನೀಡುವ ಚುಚ್ಚುಮದ್ದಿಗೆ ಜನರ ಬಾಯಲ್ಲಿ ‘ಬೊಟಾಕ್ಸ್’ ಎಂಬ ಹೆಸರು ನಿಂತುಬಿಟ್ಟಿದೆ. ಬೊಟಾಕ್ಸ್ ಎಂಬುದು ವಾಸ್ತವದಲ್ಲಿ ಒಂದು ಕಂಪನಿಯ ವ್ಯಾಪಾರನಾಮ. ಔಷಧದ ಹೆಸರು ಬೊಟುಲಿನಮ್ ಟಾಕ್ಸಿನ್. ಒಂದು ಕಾಲಕ್ಕೆ ಚಿತ್ರನಟರ ಮಾತಾಗಿದ್ದ ಈ ಚಿಕಿತ್ಸೆ ಈಗ ಮದುವೆಯ ಋತುವಿನಲ್ಲಿ ನಮ್ಮ ಮನೆಗಳ ಜಗಲಿಯಲ್ಲೂ ಚರ್ಚೆಗೆ ಬರುತ್ತಿದೆ. ಮಗಳ ಮದುವೆಯ ಚಿತ್ರಗಳಲ್ಲಿ ಹಣೆಯ ಗೆರೆ ಕಾಣಬಾರದೆಂದು ತಾಯಿ ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಬೇಡವೆಂದು ಬಿಟ್ಟರೂ ಕೊರತೆಯೇನಿಲ್ಲ. ಆದರೆ ಬಯಸುವವರು ತಿಳಿದು ಬಯಸಬೇಕು. ಏಕೆಂದರೆ ಇದು ಲೇಪನವಲ್ಲ, ಪ್ರಬಲವಾದ ಔಷಧ. ಗಡಿಯಾಚೆ ನೆಲೆಸಿರುವ ಕನ್ನಡಿಗರಿಗಂತೂ ಇನ್ನೊಂದು ತೊಡಕಿದೆ: ಅಪಾಯಗಳನ್ನು ವಿವರಿಸುವ ಕಾಗದ ಬಹಳ ಸಲ ನಮಗೆ ಓದಲು ಬಾರದ ಲಿಪಿಯಲ್ಲಿರುತ್ತದೆ.

ವಿಷವು ಔಷಧವಾದ ಬಗೆ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದಲ್ಲಿ ಕೆಟ್ಟ ಮಾಂಸದ ಸಾಸೇಜು ತಿಂದವರು ಕೈಕಾಲು ಸೋತು, ನುಂಗಲಾರದೆ, ಉಸಿರು ನಿಂತು ಸಾಯುತ್ತಿದ್ದರು. ಕವಿಯೂ ವೈದ್ಯನೂ ಆಗಿದ್ದ ಯುಸ್ಟಿನಸ್ ಕೆರ್ನರ್ 1820ರ ಸುಮಾರಿಗೆ ಈ ರೋಗಲಕ್ಷಣಗಳನ್ನು ಕೂಲಂಕಷವಾಗಿ ದಾಖಲಿಸಿದನು. ಇದೇ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಔಷಧವಾಗಿ ಬಳಸಬಹುದೆಂಬ ಊಹೆಯನ್ನೂ ಮುಂದಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಬೊಟುಲಸ್’ ಎಂದರೆ ಸಾಸೇಜು. ಹೆಸರು ಬಂದುದು ಅಲ್ಲಿಂದ. 1895ರಲ್ಲಿ ಬೆಲ್ಜಿಯಮ್ಮಿನ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಹಂದಿಮಾಂಸದ ಊಟ ಮಾಡಿ ಅಸ್ವಸ್ಥರಾದರು, ಕೆಲವರು ಸತ್ತರು. ಆ ಮಾಂಸದಿಂದಲೇ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಕಾರಣವಾದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದನ್ನು ಈಗ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎನ್ನುತ್ತೇವೆ.

ಈ ಪ್ರಸಂಗದಲ್ಲಿ ವಿಷಯಾಂತರವಾದರೂ ಒಂದು ಮಾತು ಹೇಳಬೇಕು. ಇದೇ ಬ್ಯಾಕ್ಟೀರಿಯಾದ ಬೀಜಕಣಗಳು ಜೇನುತುಪ್ಪದಲ್ಲಿ ಇರುವ ಸಾಧ್ಯತೆಯುಂಟು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಆದುದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ನೆಕ್ಕಿಸಬಾರದು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ಪದ್ಧತಿ ಇನ್ನೂ ಇರುವ ಮನೆಗಳು ಇದನ್ನು ಗಮನಿಸಬೇಕು.

ಕೆರ್ನರನ ಊಹೆ ನಿಜವಾಗಲು ಒಂದೂವರೆ ಶತಮಾನ ಹಿಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್ ಅವರು ಮೆಳ್ಳಗಣ್ಣಿನ ಚಿಕಿತ್ಸೆಗಾಗಿ ಮೊದಲು ಕೋತಿಗಳ ಮೇಲೆ, ಬಳಿಕ ಮನುಷ್ಯರಲ್ಲಿ ಇದನ್ನು ಪ್ರಯೋಗಿಸಿದರು. ಮೆಳ್ಳಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1989ರಲ್ಲಿ ಒಪ್ಪಿಗೆ ನೀಡಿತು. ಕೆನಡಾದ ವ್ಯಾಂಕೂವರಿನಲ್ಲಿ ನೇತ್ರವೈದ್ಯೆ ಜೀನ್ ಕ್ಯಾರದರ್ಸ್ ಅವರಿಂದ ರೆಪ್ಪೆಸೆಳೆತಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರು ಹುಬ್ಬಿನ ನಡುವಿನ ಗೆರೆಗಳೂ ಮಾಯವಾದುದನ್ನು ತಾವೇ ಗಮನಿಸಿ ಹೇಳಿದರು. ಜೀನ್ ಮತ್ತು ಅವರ ಪತಿ, ಚರ್ಮವೈದ್ಯ ಅಲಸ್ಟೇರ್ ಕ್ಯಾರದರ್ಸ್ 1992ರಲ್ಲಿ ಈ ಬಗ್ಗೆ ಲೇಖನ ಪ್ರಕಟಿಸಿದರು. ಹುಬ್ಬಿನ ನಡುವಿನ ಗೆರೆಗೆ 2002ರಲ್ಲಿ, ಕಣ್ಣಂಚಿನ ಸುಕ್ಕಿಗೆ 2013ರಲ್ಲಿ, ಹಣೆಯ ನೆರಿಗೆಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸೌಂದರ್ಯಕ್ಕಿಂತ ಮೊದಲು ಇದು ಚಿಕಿತ್ಸೆಯ ಔಷಧವಾಗಿತ್ತು, ಇಂದಿಗೂ ಆಗಿದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಬಿಗಿದ ಸ್ನಾಯುಗಳನ್ನು ಸಡಿಲಿಸಲು, ಹಳೆಯ ಮೈಗ್ರೇನ್ ತಲೆನೋವಿಗೆ, ಅತಿ ಬೆವರಿಗೆ ವೈದ್ಯರು ಇದನ್ನೇ ಕೊಡುತ್ತಾರೆ. ಅಂತಹ ಮಗುವಿನ ಪಾಲಕರು ‘ವಿಷ’ ಎಂಬ ಪದ ಕೇಳಿ ಹಿಂಜರಿಯಬೇಕಾಗಿಲ್ಲ.

ಚರ್ಮದ ಅಡಿಯಲ್ಲಿ ನಡೆಯುವುದೇನು

ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಆ ರಾಸಾಯನಿಕವನ್ನು ತುಂಬಿಕೊಂಡ ಸಣ್ಣ ಚೀಲಗಳು ನರತುದಿಯ ಪೊರೆಗೆ ಬೆಸೆದು ಒಡೆದರೆ ಮಾತ್ರ ಅದು ಹೊರಬರುತ್ತದೆ. ಬೆಸುಗೆಗೆ ಬೇಕಾದ ಪ್ರೋಟೀನೊಂದನ್ನು ಬೊಟುಲಿನಮ್ ಟಾಕ್ಸಿನ್ ಕತ್ತರಿಸಿಹಾಕುತ್ತದೆ. ಆಜ್ಞೆ ತಲುಪದ ಸ್ನಾಯು ಸಡಿಲಗೊಳ್ಳುತ್ತದೆ. ಅದು ಮಡಿಸುತ್ತಿದ್ದ ಚರ್ಮ ನಯವಾಗುತ್ತದೆ. ಪರಿಣಾಮ ಚುಚ್ಚಿದ ಕೂಡಲೇ ಕಾಣುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಆರಂಭವಾಗಿ ಸುಮಾರು ಎರಡು ವಾರಕ್ಕೆ ಪೂರ್ಣಗೊಳ್ಳುತ್ತದೆ. ನರವು ಕ್ರಮೇಣ ಚೇತರಿಸಿಕೊಳ್ಳುವುದರಿಂದ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳಲ್ಲಿ ಗೆರೆಗಳು ಮರಳುತ್ತವೆ.

ಇದರಿಂದ ಎರಡು ಸಂಗತಿ ತಿಳಿಯುತ್ತವೆ. ಒಂದು, ಇದು ಸ್ನಾಯು ಮಡಿಸುವುದರಿಂದ ಮೂಡುವ ಗೆರೆಗೆ ಮಾತ್ರ ಮದ್ದು. ಬಿಸಿಲಿನಿಂದ ಒಣಗಿ ಬಿರುಸಾದ ಚರ್ಮಕ್ಕೆ, ಜೋತುಬಿದ್ದ ಕೆನ್ನೆಗೆ, ಮುಖ ಸುಮ್ಮನಿದ್ದಾಗಲೂ ಆಳವಾಗಿ ಕಾಣುವ ಗೆರೆಗೆ ಇದರಿಂದ ದೊಡ್ಡ ಪ್ರಯೋಜನವಿಲ್ಲ. ಅಂಥವರಿಗೆ ಸೂರ್ಯನ ರಕ್ಷಣೆಯ ಲೇಪನ, ಛತ್ರಿ, ಧೂಮಪಾನ ತ್ಯಾಗ, ವೈದ್ಯರು ಸೂಚಿಸುವ ರೆಟಿನಾಯ್ಡ್ ಲೇಪನಗಳೇ ಹೆಚ್ಚು ಉಪಯುಕ್ತ. ಇನ್ನೊಂದು, ಮದುವೆಯ ಹಿಂದಿನ ದಿನ ಚುಚ್ಚಿಸಿಕೊಂಡರೆ ಫಲವಿಲ್ಲ. ಒಂದು ತಿಂಗಳು ಮೊದಲೇ ಮಾಡಿಸಿಕೊಂಡರೆ ಪರಿಣಾಮವೂ ಕಾಣುತ್ತದೆ, ಏನಾದರೂ ಏರುಪೇರಾದರೆ ಸರಿಪಡಿಸಲು ಸಮಯವೂ ಉಳಿಯುತ್ತದೆ.

‘ಫಿಲ್ಲರ್’ ಎಂಬುದು ಬೇರೆಯೇ ಚಿಕಿತ್ಸೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅದು ಹೈಯಲುರೊನಿಕ್ ಆಮ್ಲದಂತಹ ಜೆಲ್ ತುಂಬಿ ತಗ್ಗನ್ನು ಏರಿಸುವ ವಿಧಾನ. ತಪ್ಪಿ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಕೆಲವೆಡೆ ಎರಡನ್ನೂ ಒಂದೇ ಹೆಸರಿನಿಂದ ಕರೆದು ಮಾರುವುದರಿಂದ ತಮಗೆ ಕೊಡುತ್ತಿರುವುದು ಯಾವುದೆಂದು ಕೇಳಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಪ್ರಮಾಣದ ಲೆಕ್ಕ

ಈ ಔಷಧವನ್ನು ಮಿಲಿಗ್ರಾಂನಲ್ಲಿ ಅಳೆಯುವುದಿಲ್ಲ, ‘ಯೂನಿಟ್’ ಲೆಕ್ಕದಲ್ಲಿ ಅಳೆಯುತ್ತಾರೆ. ಸೀಸೆಯಲ್ಲಿ ಇರುವ ಟಾಕ್ಸಿನ್ ಕಣ್ಣಿಗೆ ಕಾಣದಷ್ಟು ಅಲ್ಪ. ಬೊಟಾಕ್ಸ್ ಹೆಸರಿನ ಔಷಧವಾದರೆ ಹುಬ್ಬುಗಳ ನಡುವಿನ ಗೆರೆಗೆ ಅನುಮೋದಿತ ಪ್ರಮಾಣ 20 ಯೂನಿಟ್. ಐದು ಕಡೆ, ತಲಾ 4. ಕಣ್ಣಂಚಿನ ಸುಕ್ಕಿಗೆ ಎರಡೂ ಬದಿ ಸೇರಿ 24. ಹಣೆಗೆ 20. ಆದರೆ ಡಿಸ್‌ಪೋರ್ಟ್ ಎಂಬ ಇನ್ನೊಂದು ತಯಾರಿಕೆಯಲ್ಲಿ ಹುಬ್ಬಿನ ನಡುವಿನ ಅದೇ ಗೆರೆಗೆ 50 ಯೂನಿಟ್ ಬೇಕು. ಒಂದು ಕಂಪನಿಯ ಯೂನಿಟ್ಟಿಗೂ ಮತ್ತೊಂದರ ಯೂನಿಟ್ಟಿಗೂ ಸಮಾನತೆಯಿಲ್ಲ. ಆದುದರಿಂದ ‘ಅಲ್ಲಿ ಐವತ್ತು ಕೊಟ್ಟರು, ಇಲ್ಲಿ ಇಪ್ಪತ್ತೇ ಕೊಟ್ಟರು, ಮೋಸವಾಯಿತು’ ಎಂದು ಹೋಲಿಸುವುದು ಸರಿಯಲ್ಲ. ಚೀಟಿಯಲ್ಲಿ ಔಷಧದ ಹೆಸರು, ಯೂನಿಟ್, ಚುಚ್ಚಿದ ಸ್ಥಳ, ಸೀಸೆಯ ಬ್ಯಾಚ್ ಸಂಖ್ಯೆ ನಾಲ್ಕನ್ನೂ ಬರೆಸಿಕೊಳ್ಳಬೇಕು. ಮುಂದಿನ ಸಲ ಬೇರೆ ವೈದ್ಯರ ಬಳಿ ಹೋದಾಗ ಈ ನಾಲ್ಕೇ ಅವರಿಗೆ ಬೇಕಾಗುವುದು.

ಸೀಸೆ ಪುಡಿಯ ರೂಪದಲ್ಲಿ ಬರುತ್ತದೆ. ಬೊಟಾಕ್ಸನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಶುದ್ಧ ಲವಣದ್ರಾವಣ ಬೆರೆಸಿದ ಮೇಲೆ 24 ಗಂಟೆಯೊಳಗೆ ಬಳಸಬೇಕು ಎಂಬುದು ತಯಾರಕರ ಸೂಚನೆ. ‘ಸೀಸೆಯನ್ನು ನನ್ನ ಕಣ್ಣೆದುರಿಗೆ ತೆರೆಯಿರಿ’ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಒಳ್ಳೆಯ ವೈದ್ಯರು ಕೇಳದೆಯೇ ತೋರಿಸುತ್ತಾರೆ. ಮೊದಲೇ ಬೆರೆಸಿ ಸಿರಿಂಜಿನಲ್ಲಿ ತುಂಬಿಟ್ಟ, ಹೆಸರುಪಟ್ಟಿಯಿಲ್ಲದ ದ್ರವವನ್ನು ಮುಖಕ್ಕೆ ಚುಚ್ಚಿಸಿಕೊಳ್ಳಬಾರದು.

ಒಂದು ಚುಚ್ಚುಮದ್ದಿಗೂ ಮತ್ತೊಂದಕ್ಕೂ ಕನಿಷ್ಠ ಮೂರು ತಿಂಗಳ ಅಂತರವಿರಬೇಕು. ಪದೇ ಪದೇ ಪಡೆದರೆ ದೇಹವು ಪ್ರತಿಕಾಯಗಳನ್ನು ಬೆಳೆಸಿಕೊಂಡು ಔಷಧವೇ ನಿಷ್ಫಲವಾಗುವ ಸಾಧ್ಯತೆಯಿದೆ.

ಯಾರಿಗೆ ಸಲ್ಲದು

ಮೈಸ್ತೇನಿಯಾ ಗ್ರೇವಿಸ್ ಮೊದಲಾದ ನರಸ್ನಾಯು ರೋಗವಿರುವವರಿಗೆ ಅಲ್ಪ ಪ್ರಮಾಣವೂ ಅಪಾಯ ತರಬಲ್ಲದು. ರೆಪ್ಪೆ ತಾನಾಗಿ ಜೋತುಬೀಳುವುದು, ಸಂಜೆಯ ಹೊತ್ತಿಗೆ ಅಗಿಯಲು ಆಯಾಸವಾಗುವುದು, ಒಂದು ವಸ್ತು ಎರಡಾಗಿ ಕಾಣುವುದು ಇಂತಹ ಅನುಭವ ಇದ್ದವರು, ರೋಗದ ಹೆಸರು ಗೊತ್ತಿಲ್ಲದಿದ್ದರೂ ಮೊದಲೇ ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರಲ್ಲಿ, ಮೊಲೆಯೂಡಿಸುವವರಲ್ಲಿ ಸುರಕ್ಷತೆ ಸಿದ್ಧಪಟ್ಟಿಲ್ಲ. ಸೌಂದರ್ಯದ ಕೆಲಸ ಒಂದೆರಡು ವರ್ಷ ಕಾಯಬಹುದು. ಚುಚ್ಚುವ ಜಾಗದಲ್ಲಿ ಸೋಂಕು ಇದ್ದರೆ ಅದು ಮಾಯುವವರೆಗೆ ಕೊಡಬಾರದು. ಜೆಂಟಾಮೈಸಿನ್, ಅಮಿಕಾಸಿನ್ ಗುಂಪಿನ ಪ್ರತಿಜೈವಿಕಗಳು ಟಾಕ್ಸಿನ್ನಿನ ಪರಿಣಾಮವನ್ನು ಹೆಚ್ಚಿಸುತ್ತವೆ. ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಡಿಸ್‌ಪೋರ್ಟ್ ನಿಷಿದ್ಧ. ಹದಿನೆಂಟು ತುಂಬದವರಿಗೆ ಸುಕ್ಕಿನ ಹೆಸರಿನಲ್ಲಿ ಇದನ್ನು ಕೊಡುವ ಪ್ರಶ್ನೆಯೇ ಇಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಚುಚ್ಚಿದ ಕಡೆ ನೀಲಿಗಟ್ಟುವುದು ಹೆಚ್ಚು. ಹಾಗೆಂದು ಹೃದ್ರೋಗಕ್ಕೆ ಕೊಟ್ಟ ಆಸ್ಪಿರಿನ್ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಕೂಡದು. ನೀಲಿ ಕಲೆ ವಾರದಲ್ಲಿ ಹೋಗುತ್ತದೆ; ನಿಂತ ಮಾತ್ರೆ ತರಬಹುದಾದ ಹೃದಯಾಘಾತದ ಮಾತು ಬೇರೆ.

ವಯಸ್ಸಾದವರಲ್ಲಿ ಹುಬ್ಬು ಮತ್ತು ಮೇಲ್ರೆಪ್ಪೆ ಸ್ವಲ್ಪ ಇಳಿದಿರುತ್ತವೆ. ಹಣೆಯ ಸ್ನಾಯುವೇ ಅವನ್ನು ಎತ್ತಿ ಹಿಡಿದಿರುತ್ತದೆ. ಗೆರೆ ಅಳಿಸಲು ಆ ಸ್ನಾಯುವನ್ನು ಪೂರ್ತಿ ಸಡಿಲಿಸಿದರೆ ಹುಬ್ಬು ಕಣ್ಣಿನ ಮೇಲೆ ಇಳಿದುಬಿಡುತ್ತದೆ. ಅನುಭವಿ ವೈದ್ಯರು ಅಂಥವರಿಗೆ ಹಣೆಯ ಚುಚ್ಚುಮದ್ದನ್ನು ನಿರಾಕರಿಸುವುದುಂಟು. ಬೇಡವೆನ್ನುವ ವೈದ್ಯರ ಮಾತಿಗೆ ಹೆಚ್ಚು ಬೆಲೆ ಕೊಡಬೇಕೆಂದು ನನ್ನ ಅಭಿಪ್ರಾಯ.

ಏರುಪೇರುಗಳು

ಸಾಮಾನ್ಯವಾಗಿ ಕಾಣುವುದು ತಲೆನೋವು, ಚುಚ್ಚಿದ ಕಡೆ ನೋವು, ಸ್ವಲ್ಪ ಊತ, ನೀಲಿ ಕಲೆ. ಇವು ಕೆಲವೇ ದಿನಗಳ ಕಾಟ. ಹುಬ್ಬಿನ ನಡುವೆ ಚುಚ್ಚಿದ ಔಷಧ ಕೆಳಗೆ ಹರಡಿ ರೆಪ್ಪೆ ಎತ್ತುವ ಸ್ನಾಯುವನ್ನು ತಲುಪಿದರೆ ಒಂದು ಕಣ್ಣು ಅರ್ಧ ಮುಚ್ಚಿದಂತಾಗುತ್ತದೆ. ಅನುಮತಿಗೆ ಮುಂಚಿನ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು 3 ಮಂದಿಯಲ್ಲಿ ಹೀಗಾಗಿತ್ತು. ಇದು ಶಾಶ್ವತವಲ್ಲ, ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ರೆಪ್ಪೆಯನ್ನು ಒಂದೆರಡು ಮಿಲಿಮೀಟರ್ ಎತ್ತಬಲ್ಲ ಅಪ್ರಾಕ್ಲೊನಿಡಿನ್ ಕಣ್ಣಿನ ಹನಿಗಳನ್ನು ವೈದ್ಯರು ಬರೆದುಕೊಡಬಹುದು. ಈ ತೊಂದರೆ ತಪ್ಪಿಸಲೆಂದೇ ಹುಬ್ಬಿನ ಮೂಳೆಯ ಅಂಚಿನಿಂದ ಕನಿಷ್ಠ ಒಂದು ಸೆಂಟಿಮೀಟರ್ ಮೇಲೆ ಚುಚ್ಚಬೇಕೆಂಬ ನಿಯಮವಿದೆ. ಮುಖದ ಸ್ನಾಯುಗಳ ಜೋಡಣೆ ಓದಿ ತಿಳಿದವರಿಗೂ ವಾರದ ತರಬೇತಿ ಪಡೆದವರಿಗೂ ಇರುವ ಅಂತರ ಈ ಒಂದು ಸೆಂಟಿಮೀಟರಿನಲ್ಲೇ ಕಾಣುತ್ತದೆ.

ನಿಜವಾದ ಅಪಾಯ ಟಾಕ್ಸಿನ್ ದೂರಕ್ಕೆ ಹರಡುವುದು. ನುಂಗಲು ಕಷ್ಟ, ಮಾತು ತೊದಲುವುದು, ಧ್ವನಿ ಬದಲಾಗುವುದು, ಎರಡೆರಡಾಗಿ ಕಾಣುವುದು, ಮೈಯೆಲ್ಲ ಬಲಹೀನವಾಗುವುದು, ಉಸಿರಾಟಕ್ಕೆ ತೊಂದರೆ ಇವು ಗಂಟೆಗಳಲ್ಲೂ ಕಾಣಿಸಬಹುದು, ವಾರಗಳ ನಂತರವೂ ಕಾಣಿಸಬಹುದು. ಅಮೆರಿಕದಲ್ಲಿ 2009ರಿಂದ ಔಷಧದ ಪೊಟ್ಟಣದಲ್ಲಿ ಈ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಅಚ್ಚುಮಾಡುವುದು ಕಡ್ಡಾಯವಾಗಿದೆ. ಮುಖದ ಗೆರೆಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಇದು ಬಹಳ ಅಪರೂಪ. ಕಂಡಲ್ಲಿ ಮಾತ್ರ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ‘ಬೊಟುಲಿನಮ್ ಟಾಕ್ಸಿನ್ ಚುಚ್ಚಿಸಿಕೊಂಡಿದ್ದೇನೆ’ ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಪ್ರತಿವಿಷವು ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಮಾತ್ರ ಕಟ್ಟಿಹಾಕುತ್ತದೆ, ಆಗಲೇ ಸೋತ ಸ್ನಾಯುವನ್ನು ಎಬ್ಬಿಸುವುದಿಲ್ಲ. ಸಂಕೋಚದಿಂದ ಮುಚ್ಚಿಟ್ಟರೆ ಅಮೂಲ್ಯವಾದ ಹೊತ್ತು ಹೋಗುತ್ತದೆ.

ನಕಲಿ ಔಷಧ, ಅನರ್ಹ ಕೈ

ಅತ್ಯಂತ ಕೆಟ್ಟ ಪ್ರಕರಣಗಳು ಔಷಧದಿಂದಲ್ಲ, ಔಷಧವಲ್ಲದ ವಸ್ತುವಿನಿಂದ ಆದವು. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪ್ರಯೋಗಾಲಯದ ಬಳಕೆಗೆಂದು ತಯಾರಾದ ಅತಿ ಸಾಂದ್ರ ಟಾಕ್ಸಿನ್ನನ್ನು ಸುಕ್ಕಿನ ಚಿಕಿತ್ಸೆಗೆ ಬಳಸಲಾಯಿತು. ಚುಚ್ಚಿಸಿಕೊಂಡ ನಾಲ್ವರಿಗೂ ಪಾರ್ಶ್ವವಾಯುವಿನಂತೆ ಮೈ ಸೋತು ಕೃತಕ ಉಸಿರಾಟದ ಯಂತ್ರದ ಮೇಲೆ ಇರಬೇಕಾಯಿತು. 2024ರ ಏಪ್ರಿಲ್ ಹೊತ್ತಿಗೆ ಅದೇ ದೇಶದ 11 ರಾಜ್ಯಗಳಲ್ಲಿ 22 ಮಹಿಳೆಯರು ನಕಲಿ ಅಥವಾ ಸರಿಯಾಗಿ ನಿರ್ವಹಿಸದ ಚುಚ್ಚುಮದ್ದಿನಿಂದ ಅಸ್ವಸ್ಥರಾದುದು ವರದಿಯಾಯಿತು; ಅವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆ ಸೇರಿದರು. ಅವರೆಲ್ಲ ಚುಚ್ಚಿಸಿಕೊಂಡದ್ದು ತರಬೇತಿಯಿಲ್ಲದವರಿಂದ, ಇಲ್ಲವೇ ಮನೆ ಮತ್ತು ಸ್ಪಾಗಳಂತಹ ಜಾಗಗಳಲ್ಲಿ. ಕಾನೂನು ಬಿಗಿಯಾಗಿರುವ ದೇಶದಲ್ಲೇ ಹೀಗಾದರೆ, ಜಾಲತಾಣದಲ್ಲಿ ಅಗ್ಗಕ್ಕೆ ತರಿಸಿದ ಸೀಸೆಯನ್ನು ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳುವವರು ಯೋಚಿಸಬೇಕು.

ಚುಚ್ಚುವವರು ಆಧುನಿಕ ವೈದ್ಯ ಪದವಿ ಪಡೆದು, ಚರ್ಮರೋಗ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಉಳ್ಳವರಾಗಿರಬೇಕು. ಇದನ್ನು ತಿಳಿಯುವುದು ಕಷ್ಟವಲ್ಲ. ವೈದ್ಯರ ವೃತ್ತಿನಡತೆಯ 2002ರ ನಿಯಮಗಳ ಪ್ರಕಾರ ಪ್ರತಿಯೊಬ್ಬ ವೈದ್ಯರೂ ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು, ಔಷಧಚೀಟಿಯಲ್ಲೂ ರಸೀದಿಯಲ್ಲೂ ಬರೆಯಬೇಕು. ಆ ಸಂಖ್ಯೆಯನ್ನು ಆಯಾ ರಾಜ್ಯದ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ಆದೋನಿಯವರು ಬಳ್ಳಾರಿಗೆ ಹೋಗುವುದು ರೂಢಿ. ಅಲ್ಲಿ ನೋಡಬೇಕಾದುದು ಕರ್ನಾಟಕದ ಪಟ್ಟಿ. ಊರಲ್ಲೇ ಮಾಡಿಸಿಕೊಂಡರೆ ಕೇರಳ, ತಮಿಳುನಾಡು ಅಥವಾ ಆಂಧ್ರದ ಪಟ್ಟಿ. ಗೋಡೆಗೆ ತೂಗುಹಾಕಿದ ‘ಕಾಸ್ಮೆಟಾಲಜಿ’ ಪ್ರಮಾಣಪತ್ರ ನೋಂದಣಿಯಲ್ಲ.

ನಮ್ಮ ಭಾಷೆಯಲ್ಲಿ ತಿಳಿಯುವ ಹಕ್ಕು

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ನೀಡಿದ ತೀರ್ಪಿನಂತೆ, ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ಮಾರ್ಗಗಳ ಬಗ್ಗೆ ರೋಗಿ ತೂಗಿನೋಡಿ ತೀರ್ಮಾನಿಸುವಷ್ಟು ಮಾಹಿತಿಯನ್ನು ವೈದ್ಯರು ನೀಡಿದ್ದರೆ ಮಾತ್ರ ಅದು ಸಿಂಧುವಾದ ಒಪ್ಪಿಗೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಹಾಕಿದ ಸಹಿಯಲ್ಲಿ ಆ ತೂಗಿನೋಟ ಎಲ್ಲಿಂದ ಬರಬೇಕು? ಕಾಸರಗೋಡಿನಲ್ಲಿ ಮಲಯಾಳ ಅಥವಾ ಇಂಗ್ಲಿಷ್, ತಾಳವಾಡಿಯ ಕಡೆಯವರು ಹೋಗುವ ಊರುಗಳಲ್ಲಿ ತಮಿಳು, ಜತ್ತ ಅಕ್ಕಲಕೋಟೆಯವರಿಗೆ ಮರಾಠಿ. ಒಪ್ಪಿಗೆಪತ್ರ ಬರುವುದು ಹೀಗೆ. ಮಾತು ಬಂದರೂ ಲಿಪಿ ಬಾರದ ತಾಯಂದಿರು ನಮ್ಮಲ್ಲಿ ಅನೇಕರು.

ಆಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಜೊತೆಯಲ್ಲಿ ಬಂದ ಹೈಸ್ಕೂಲಿನ ಮಗನೋ ಮಗಳೋ ಓದಿ ಹೇಳುವುದು. ಬಸ್ಸಿನ ಫಲಕ ಓದಿ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಕನ್ನಡ ಮಾಧ್ಯಮದ ಮಗುವಿಗೆ ಆ ಕಾಗದದ ವೈದ್ಯಕೀಯ ಪದಗಳು ತಾಯಿಗೆ ಅರಿಯದಷ್ಟೇ ಅಪರಿಚಿತ. ತಪ್ಪಾದರೆ ಹೊರೆ ಮಗುವಿನ ಮನಸ್ಸಿನ ಮೇಲೆ ಉಳಿಯುತ್ತದೆ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬಾರದು. ಕಾಗದವನ್ನು ಮನೆಗೆ ಕೊಂಡೊಯ್ಯಲು ಕೇಳಿ, ಬಲ್ಲ ಹಿರಿಯರಿಂದ ಓದಿಸಿ, ಮರುದಿನ ಸಹಿ ಹಾಕಬಹುದು. ಇದು ತುರ್ತು ಚಿಕಿತ್ಸೆಯಲ್ಲ, ಒಂದು ವಾರ ತಡವಾದರೆ ಯಾವ ಹಾನಿಯೂ ಇಲ್ಲ. ಇಂದೇ ಹಣ ಕಟ್ಟಿದರೆ ರಿಯಾಯಿತಿ ಎಂದು ಅವಸರಪಡಿಸುವ ಕಡೆಯಿಂದ ಎದ್ದು ಬರುವುದೇ ಲೇಸು. ಸೇವಿಸುತ್ತಿರುವ ಮಾತ್ರೆಗಳ ಹೆಸರು ಹೇಳಲು ಬಾರದಿದ್ದರೆ ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ಒಯ್ದು ತೋರಿಸಬೇಕು. ಅವುಗಳ ಮೇಲಿನ ಅಕ್ಷರ ಎಲ್ಲ ರಾಜ್ಯದ ವೈದ್ಯರಿಗೂ ಒಂದೇ.

ಚುಚ್ಚಿಸಿಕೊಂಡ ನಂತರ

ಆ ದಿನ ಮುಖವನ್ನು ಉಜ್ಜಬಾರದು, ಫೇಶಿಯಲ್ ಮತ್ತು ಎಣ್ಣೆ ಮಸಾಜು ಬೇಡ. ಕೆಲವು ಗಂಟೆ ಮಲಗದೆ ನೆಟ್ಟಗಿರಲು ಹೇಳುವುದು ರೂಢಿ. ಎರಡು ವಾರದ ಬಳಿಕ ಮರುಭೇಟಿ ಇದ್ದೇ ಇರಬೇಕು. ಒಂದು ಹುಬ್ಬು ಮೇಲೆ ಒಂದು ಕೆಳಗೆ ಇದ್ದರೆ ಸರಿಪಡಿಸುವುದು ಆಗಲೇ. ಅದಕ್ಕೆ ಮೊದಲೇ ‘ಏನೂ ಆಗಲಿಲ್ಲ’ ಎಂದು ಇನ್ನೊಂದು ಕಡೆ ಹೋಗಿ ಮತ್ತೆ ಚುಚ್ಚಿಸಿಕೊಳ್ಳುವುದು ದೊಡ್ಡ ತಪ್ಪು.

ಔಷಧದಿಂದ ತೊಂದರೆಯಾದರೆ ಭಾರತೀಯ ಔಷಧಕೋಶ ಆಯೋಗ ನಡೆಸುವ ಔಷಧ ಸುರಕ್ಷಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ರೋಗಿಯೇ ನೇರವಾಗಿ ವರದಿ ಮಾಡಬಹುದು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಮೇಲೆ ಹೇಳಿದ 2002ರ ನಿಯಮಗಳೇ ವಿಧಿಸುತ್ತವೆ. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ನಡೆದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ. ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವಿದ್ದು, ಅದು ಹೆಚ್ಚು ಜನರಿಗೆ ತಿಳಿದಿಲ್ಲ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಮಂಗಳೂರಿನಲ್ಲಿ ಚಿಕಿತ್ಸೆ ಪಡೆದವರು ಕಾಸರಗೋಡಿನ ಆಯೋಗಕ್ಕೆ, ಬೆಂಗಳೂರಿನಲ್ಲಿ ಪಡೆದ ಹೊಸೂರಿನವರು ತಮ್ಮ ಕೃಷ್ಣಗಿರಿ ಜಿಲ್ಲೆಯ ಆಯೋಗಕ್ಕೆ ಅರ್ಜಿ ಕೊಡಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅರ್ಜಿಯ ಜೊತೆಗೆ ಬೇಕಾಗುವುದು ರಸೀದಿ, ಒಪ್ಪಿಗೆಪತ್ರದ ಪ್ರತಿ, ಮತ್ತು ಔಷಧದ ಹೆಸರು, ಬ್ಯಾಚ್ ಸಂಖ್ಯೆ ಬರೆದಿರುವ ಆ ಚೀಟಿ.